ಆರು ಜನ, ಒಂದೇ ಉತ್ತರ: ವೈದ್ಯಕೀಯ ಕಾಲೇಜಿನಲ್ಲಿ ತಂಡಕಲಿಕೆ

ನಮ್ಮ ಫಾರ್ಮಕಾಲಜಿ ವಿಭಾಗದ ಸ್ಟಾಫ್ ರೂಮಿನಲ್ಲಿ ಹನ್ನೊಂದು ಗಂಟೆಯ ಕಾಫಿಗೆ ಕೂತಾಗ ವಾರಕ್ಕೊಮ್ಮೆಯಾದರೂ ಈ ಮಾತು ಬಂದೇ ಬರುತ್ತದೆ: "ಟಿಬಿಎಲ್ ಅನ್ನೋದು ಪಾಠ ಮಾಡೋಕೆ ಬೇಜಾರಾದವರು ಕಂಡುಹಿಡಿದದ್ದು ಮೇಡಂ." ಹೇಳುವವರು ನನಗಿಂತ ಹಿರಿಯರು. ಬಣ್ಣದ ಚಾಕ್‌ಪೀಸ್ ಹಿಡಿದು ನರದ ತುದಿಯ ಚಿತ್ರ ಬಿಡಿಸಿದರೆ ಅಳಿಸುವ ಮುಂಚೆ ಹುಡುಗರು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವಂಥ ಮೇಷ್ಟ್ರು. ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಟೀಮ್ ಬೇಸ್ಡ್ ಲರ್ನಿಂಗ್, ಕನ್ನಡದಲ್ಲಿ ತಂಡಕಲಿಕೆ ಎನ್ನೋಣ, ಅದರ ಹೆಸರಿನಲ್ಲಿ ನಡೆಯುವ ಎಷ್ಟೋ ತರಗತಿಗಳಿಗೆ ಅವರ ಟೀಕೆ ಸರಿಯಾಗಿಯೇ ಹೊಂದುತ್ತದೆ. ಆದರೆ ಆ ತರಗತಿಗಳು ತಂಡಕಲಿಕೆಯೇ ಅಲ್ಲ. ಕಾಫಿಯ ಹೊತ್ತಿನಲ್ಲಿ, ಪೋಷಕರ ಸಭೆಯಲ್ಲಿ, ನೀಟ್ ಬರೆದು ಆಗಷ್ಟೇ ಒಳಬಂದ ಮಕ್ಕಳ ಬಾಯಲ್ಲಿ ನಾನು ಕೇಳಿಸಿಕೊಂಡ ತಪ್ಪು ತಿಳಿವಳಿಕೆಗಳಿಗೆ ಇಲ್ಲಿ ಉತ್ತರ ಕೊಡಲು ನೋಡಿದ್ದೇನೆ.

ತಪ್ಪು ಕಲ್ಪನೆ: ಗುಂಪು ಮಾಡಿ ಕೂರಿಸಿ ಚರ್ಚೆ ಮಾಡಿಸಿದರೆ ಅದೇ ತಂಡಕಲಿಕೆ.

ವಾಸ್ತವ: ಇದರಲ್ಲಿ ಮೊದಲ ಕೆಲಸ ಒಂಟಿಯಾಗಿ ಕೂತು ಮಾಡುವುದು, ಗುಂಪು ಆಮೇಲೆ. ಒಂದು ದಿನದ ತರಗತಿಯನ್ನೇ ಹೇಳುತ್ತೇನೆ. ವಿಷಯ ಕೀಟನಾಶಕದ ವಿಷಬಾಧೆ, ಆಸ್ಪತ್ರೆಯ ಮಾತಿನಲ್ಲಿ 'ಓಪಿ ಕೇಸ್'. ನಾಲ್ಕು ದಿನ ಮುಂಚೆ ಪುಸ್ತಕದ ಹದಿನೈದು ಪುಟ ಓದಿಕೊಂಡು ಬರಲು ಹೇಳಿದ್ದೆ. ತರಗತಿ ಶುರುವಾದ ಕೂಡಲೇ ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ, ಹದಿನೈದು ನಿಮಿಷ. ಪಕ್ಕಕ್ಕೆ ತಿರುಗುವ ಹಾಗಿಲ್ಲ. ಉತ್ತರಪತ್ರಿಕೆ ಕೊಟ್ಟಾದ ಮೇಲೆ ಅದೇ ಹತ್ತು ಪ್ರಶ್ನೆಗಳನ್ನು ಆರು ಜನರ ತಂಡ ಇನ್ನೊಮ್ಮೆ ಬಿಡಿಸಬೇಕು. ಈ ಸಲ ಕೈಗೆ ಬರುವುದು ಕೆರೆಯುವ ಕಾರ್ಡು. ಹಿಂದೆ ಮೊಬೈಲಿಗೆ ರೀಚಾರ್ಜ್ ಕಾರ್ಡ್ ಕೊಂಡು ನಾಣ್ಯದಿಂದ ಕೆರೆದವರಿಗೆ ಆ ಸದ್ದು ನೆನಪಿರುತ್ತದೆ. ಸರಿಯಾದ ಚೌಕದ ಅಡಿಯಲ್ಲಿ ಒಂದು ನಕ್ಷತ್ರ. ಮೊದಲ ಸಲಕ್ಕೇ ಸಿಕ್ಕರೆ ನಾಲ್ಕು ಅಂಕ, ಎರಡನೆಯ ಸಲಕ್ಕೆ ಎರಡು, ಮೂರನೆಯದಕ್ಕೆ ಒಂದು. ನ್ಯೂಜೆರ್ಸಿಯ ರೈಡರ್ ವಿಶ್ವವಿದ್ಯಾಲಯದ ಮೈಕೆಲ್ ಎಪ್‌ಸ್ಟೀನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಕಾರ್ಡು ಅದು. ಇಷ್ಟು ಸಣ್ಣ ಸಾಮಾನು ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ದಿನದ ಒಂದು ಪ್ರಶ್ನೆ: ಅಟ್ರೋಪಿನ್ ಕೊಟ್ಟರೂ ಸರಿಹೋಗದ್ದು ಯಾವುದು? ಜೊಲ್ಲು ಸುರಿಯುವುದೇ, ನಾಡಿ ನಿಧಾನವಾಗುವುದೇ, ಸ್ನಾಯುಗಳ ಬಲ ಕುಂದುವುದೇ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದೇ? ಮುಂದಿನ ಸಾಲಿನ ತಂಡವೊಂದರಲ್ಲಿ ಒಬ್ಬ ಹುಡುಗ, ತರಗತಿಗೆಲ್ಲ ಜಾಣ ಎಂದು ಹೆಸರಾದವನು, ಯಾರನ್ನೂ ಕೇಳದೆ "ಪಾಪೆ, ಕೆರೀರಿ" ಎಂದ. ಕೆರೆದರು. ಖಾಲಿ. ಆರು ಜನವೂ ಆ ಖಾಲಿ ಚೌಕವನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಮುಂದಿನ ಪ್ರಶ್ನೆಗೆ ಬಂದಾಗ ಅವನೇ "ನೀವೇನಂತೀರಿ?" ಎಂದು ಕೇಳಿದ. ನಾನು ಒಂದು ಗಂಟೆ ವಿನಯದ ಮೇಲೆ ಭಾಷಣ ಬಿಗಿದಿದ್ದರೂ ಅವನ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಇಲ್ಲಿಗೆ ಅರ್ಧ ಮುಗಿಯಿತು. ಎಲ್ಲರೂ ಎಡವಿದ ಜಾಗ ಯಾವುದೆಂದು ಕಾರ್ಡುಗಳೇ ತೋರಿಸಿದ ಮೇಲೆ ಅಷ್ಟಕ್ಕೆ ಮಾತ್ರ ಹತ್ತು ನಿಮಿಷ ಪಾಠ. ನಂತರ ನಿಜವಾದ ಕೆಲಸ. ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯುತ್ತಿದ್ದ 42 ವರ್ಷದ ರೈತ, ಮೂಗುಬಾಯಿಗೆ ಬಟ್ಟೆ ಕೂಡ ಕಟ್ಟಿಕೊಂಡಿರಲಿಲ್ಲ, ಹೊಲದಲ್ಲೇ ಕುಸಿದುಬಿದ್ದ. ಕ್ಯಾಶುಯಲ್ಟಿಯಲ್ಲಿ ಅಟ್ರೋಪಿನ್ ಶುರುವಾಗಿದೆ. ಈಗ ನಾಡಿ 118, ಪಾಪೆ ಹಿಗ್ಗಿದೆ, ಆದರೆ ಎದೆಯಲ್ಲಿ ಇನ್ನೂ ಗೊರಗೊರ ಸದ್ದು. ಮುಂದೇನು? ಎ: ಪಾಪೆ ಹಿಗ್ಗಿತಲ್ಲ, ಅಟ್ರೋಪಿನ್ ನಿಲ್ಲಿಸಿ. ಬಿ: ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿಸುತ್ತಾ ಮುಂದುವರಿಸಿ. ಸಿ: ಅಟ್ರೋಪಿನ್ ಬಿಟ್ಟು ಪ್ರಾಲಿಡಾಕ್ಸೈಮ್ ಒಂದನ್ನೇ ಕೊಡಿ. ಡಿ: ಎದೆಯಲ್ಲಿ ನೀರು ತುಂಬಿದೆ, ಮೂತ್ರ ಹೋಗುವ ಇಂಜೆಕ್ಷನ್ ಕೊಡಿ. ಎಲ್ಲ ತಂಡಕ್ಕೂ ಅದೇ ಸಮಸ್ಯೆ, ಒಂದೇ ಆಯ್ಕೆ, ಒಂದೇ ಕ್ಷಣದಲ್ಲಿ ಕಾರ್ಡ್ ಎತ್ತಬೇಕು. ಒಬ್ಬರದ್ದು ನೋಡಿ ಇನ್ನೊಬ್ಬರು ಎತ್ತುವ ಹಾಗಿಲ್ಲ.

ಎತ್ತಿದರು. ಅರ್ಧಕ್ಕಿಂತ ಹೆಚ್ಚು ತಂಡಗಳದ್ದು 'ಎ'. ಹಿಂದಿನ ಸಾಲಿನಲ್ಲಿ ಕೆಲವು 'ಬಿ'. ಯಾಕೆ ಎಂದು ಕೇಳಿದೆ. 'ಎ' ಹಿಡಿದವರು ಜೋರಾಗಿಯೇ ವಾದಿಸಿದರು: ನಾಡಿ ಓಡುತ್ತಿದೆ, ಇನ್ನೂ ಕೊಟ್ಟರೆ ಹೃದಯಕ್ಕೆ ತೊಂದರೆ. ಆಗ ರಾಯಚೂರಿನ ಕಡೆಯ ಹುಡುಗಿಯೊಬ್ಬಳು, ವರ್ಷವಿಡೀ ನನ್ನ ಕಿವಿಗೆ ದನಿ ಬೀಳದವಳು, ಎದ್ದು ನಿಂತು "ಎದಿ ಕೇಳೀರೇನು ನೀವು?" ಎಂದಳು. ಇಡೀ ಹಾಲ್ ನಕ್ಕಿತು, ಆಮೇಲೆ ಸುಮ್ಮನಾಯಿತು. ಅವಳ ಮಾತು ಸರಿ. ಈ ವಿಷಬಾಧೆಯಲ್ಲಿ ಅಟ್ರೋಪಿನ್ ಕೊಡುವುದು ಎದೆ ಒಣಗಿ ಉಸಿರಾಟ ಸಲೀಸಾಗುವವರೆಗೆ. ಪಾಪೆಯನ್ನು ನಂಬಿ ನಿಲ್ಲಿಸುವುದು, ನಾಡಿ ಜೋರಾಯಿತೆಂದು ಹೆದರಿ ನಿಲ್ಲಿಸುವುದು, ಎರಡೂ ಹೊಸ ಹೌಸ್ ಸರ್ಜನ್‌ಗಳು ಮಾಡುವ ತಪ್ಪು. ಇದೇ ಸಾಲನ್ನು ನಾನು ಎಷ್ಟು ವರ್ಷ ಲೆಕ್ಚರಿನಲ್ಲಿ ಹೇಳಿದ್ದೇನೋ. ಹುಡುಗರು ಬರೆದುಕೊಂಡಿದ್ದಾರೆ, ಅಡಿಗೆರೆ ಎಳೆದಿದ್ದಾರೆ, ಕ್ಯಾಶುಯಲ್ಟಿಗೆ ಹೋಗಿ ಪಾಪೆಗೇ ಟಾರ್ಚ್ ಬಿಟ್ಟಿದ್ದಾರೆ.

ತಪ್ಪು ಕಲ್ಪನೆ: ಪಿಬಿಎಲ್, ಟಿಬಿಎಲ್ ಎರಡೂ ಒಂದೇ.

ವಾಸ್ತವ: ಅಣ್ಣತಮ್ಮಂದಿರೂ ಅಲ್ಲ. ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್ ಹುಟ್ಟಿದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, 1969ರಲ್ಲಿ. ಅದರಲ್ಲಿ ಏಳೆಂಟು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕ ಬೇಕು. ತಂಡಕಲಿಕೆ ಹುಟ್ಟಿದ್ದು ವೈದ್ಯಕೀಯದಲ್ಲೇ ಅಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆ ಕಲಿಸುತ್ತಿದ್ದ ಲ್ಯಾರಿ ಮೈಕೆಲ್ಸನ್ ಅವರ ತರಗತಿ ಇದ್ದಕ್ಕಿದ್ದಂತೆ 40ರಿಂದ 120ಕ್ಕೆ ಏರಿತು. ನಲವತ್ತು ಜನರಿದ್ದಾಗ ನಡೆಯುತ್ತಿದ್ದ ಚರ್ಚೆಯನ್ನು ಕೈಬಿಡಲು ಅವರಿಗೆ ಮನಸ್ಸಿರಲಿಲ್ಲ. ಒಬ್ಬರೇ ಶಿಕ್ಷಕರು ಅಷ್ಟೂ ಜನರನ್ನು ನಿಭಾಯಿಸುವ ದಾರಿ ಹುಡುಕಿದರು. ಹೂಸ್ಟನ್ನಿನ ಬೇಲರ್, ಓಹಾಯೊದ ರೈಟ್ ಸ್ಟೇಟ್ ಮೊದಲಾದ ವೈದ್ಯಕೀಯ ಕಾಲೇಜುಗಳು 2000ರ ನಂತರ ಅದನ್ನು ಎತ್ತಿಕೊಂಡವು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ವರ್ಷಕ್ಕೆ 250 ಎಂಬಿಬಿಎಸ್ ಸೀಟು. ಅಂಥ ತರಗತಿಗೆ ಈ ಎರಡರಲ್ಲಿ ಯಾವುದು ಒಗ್ಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪು ಕಲ್ಪನೆ: ಒಬ್ಬ ಓದಿದರೆ ಉಳಿದ ಐವರೂ ಪಾಸ್.

ವಾಸ್ತವ: ಇದು ನಿಜಕ್ಕೂ ಹೆದರಬೇಕಾದ ವಿಷಯ, ಅದಕ್ಕೇ ಮೂರು ಕಡೆ ಬೇಲಿ. ಮೊದಲನೆಯದು ಆಗಲೇ ಹೇಳಿದ ಒಂಟಿ ಪರೀಕ್ಷೆ. ಅದರ ಅಂಕ ಅವರವರದ್ದೇ. ಎರಡನೆಯದು ತಂಡ ಕಟ್ಟುವ ರೀತಿ. ಸ್ನೇಹಿತರನ್ನು ಅವರೇ ಆರಿಸಿಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಎಲ್ಲಕ್ಕೂ ರೋಲ್ ನಂಬರ್ ಪ್ರಕಾರ ಬ್ಯಾಚ್ ಮಾಡುವ ಚಾಳಿ ಇದೆಯಲ್ಲ, ಅದೂ ಸಲ್ಲದು. ನಾನು ಮಾಡುವುದು ಹೀಗೆ: ಎಲ್ಲರನ್ನೂ ಹಾಲಿನ ಗೋಡೆ ಸುತ್ತ ನಿಲ್ಲಿಸಿ, ಮನೆಯಲ್ಲಿ ಡಾಕ್ಟರಿರುವವರು ಮೊದಲು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಆಮೇಲೆ, ಹೊರರಾಜ್ಯದವರು ನಂತರ, ಹೀಗೆ ಸಾಲು ಮಾಡಿ ಒಂದರಿಂದ ಇಪ್ಪತ್ತೈದರವರೆಗೆ ಎಣಿಸುತ್ತಾ ಹೋಗುವುದು. ಒಂದು ಎಂದವರೆಲ್ಲ ಒಂದು ತಂಡ. ಎಲ್ಲರ ಕಣ್ಣೆದುರೇ ಆಗುವುದರಿಂದ ಪಕ್ಷಪಾತದ ದೂರಿಲ್ಲ. ತಂಡ ಟರ್ಮ್ ಮುಗಿಯುವವರೆಗೂ ಬದಲಾಗುವುದಿಲ್ಲ.

ಮೂರನೆಯ ಬೇಲಿ ತಂಡದವರು ಒಬ್ಬರಿಗೊಬ್ಬರು ಕೊಡುವ ಅಂಕ. ಇಲ್ಲಿ ನಾನು ಸೋತದ್ದನ್ನೂ ಹೇಳಬೇಕು. ಮೊದಲ ವರ್ಷ ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟುಬಿಟ್ಟರು. ಒಂದು ದಿನವೂ ಓದಿ ಬಾರದವನಿಗೂ ಹತ್ತು. "ಒಂದೇ ಹಾಸ್ಟೆಲ್ ಮೇಡಂ, ಹೆಂಗೆ ಕಮ್ಮಿ ಕೊಡೋದು" ಎಂದ ಒಬ್ಬ. ನಮ್ಮ ದಾಕ್ಷಿಣ್ಯ ಅಂಥದ್ದು. ಓಕ್ಲಹೋಮದವರಿಗೆ ಈ ಕಷ್ಟ ಇತ್ತೋ ಏನೋ, ಮೈಕೆಲ್ಸನ್ ಅವರ ಪದ್ಧತಿಯಲ್ಲೇ ಇದಕ್ಕೆ ಮದ್ದಿದೆ: ಎಲ್ಲರಿಗೂ ಸಮ ಅಂಕ ಕೊಡುವುದನ್ನು ನಿಯಮವೇ ತಡೆಯುತ್ತದೆ. ಒಬ್ಬರಿಗಾದರೂ ಹೆಚ್ಚು, ಒಬ್ಬರಿಗಾದರೂ ಕಡಿಮೆ ಕೊಡಲೇಬೇಕು, ಯಾಕೆಂದು ಒಂದು ಸಾಲು ಬರೆಯಬೇಕು. ಎರಡನೆಯ ವರ್ಷ ಹಾಗೆ ಮಾಡಿದೆ. ಬಂದ ಸಾಲುಗಳಲ್ಲಿ ಒಂದು: 'ಇವನು ಚೆನ್ನಾಗಿ ಓದುತ್ತಾನೆ, ಆದರೆ ನಾವು ಮಾತಾಡುವಾಗ ಮೊಬೈಲ್ ನೋಡುತ್ತಾನೆ.' ಆ ಹುಡುಗನಿಗೆ ಇದನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ತಪ್ಪು ಕಲ್ಪನೆ: ಜಾಣರಿಗೆ ಇದರಿಂದ ನಷ್ಟ.

ವಾಸ್ತವ: ಪೋಷಕರ ಸಭೆಯಲ್ಲಿ ಮೊದಲ ಪ್ರಶ್ನೆಯೇ ಇದು, ಕೇಳುವವರು ಸಾಮಾನ್ಯವಾಗಿ ರ‍್ಯಾಂಕ್ ಬಂದವರ ತಂದೆ. ಮೈಕೆಲ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು 222 ತಂಡಗಳ ಅಂಕಗಳನ್ನು ಒಟ್ಟುಹಾಕಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 97 ತಂಡಗಳು ತಮ್ಮೊಳಗಿನ ಅತಿ ಜಾಣ ಸದಸ್ಯನಿಗಿಂತ ಹೆಚ್ಚು ಅಂಕ ಪಡೆದಿದ್ದವು. ಹಾಗೆಂದರೆ ಜಾಣನಿಗೂ ಉಳಿದವರಿಂದ ಏನೋ ಸಿಕ್ಕಿದೆ. ರೈಟ್ ಸ್ಟೇಟ್ ಕಾಲೇಜಿನ ಪಾಲ್ ಕೋಲ್ಸ್ ಮತ್ತು ಸಂಗಡಿಗರು 2010ರಲ್ಲಿ ಇನ್ನೂ ನೇರವಾಗಿ ಅಳೆದರು. ಅವರ 178 ವಿದ್ಯಾರ್ಥಿಗಳು ತಂಡಕಲಿಕೆಯಲ್ಲಿ ಕಲಿತ ಪೆಥಾಲಜಿಯ ಪ್ರಶ್ನೆಗಳಿಗೆ ಬೇರೆ ರೀತಿಯಲ್ಲಿ ಕಲಿತವುಗಳಿಗಿಂತ ಸರಾಸರಿ ಶೇ 5.9ರಷ್ಟು ಹೆಚ್ಚು ಅಂಕ ಗಳಿಸಿದ್ದರು. ತರಗತಿಯ ಕೆಳಗಿನ ಕಾಲುಭಾಗದವರಿಗೆ ಶೇ 7.9ರ ಲಾಭ, ಮೇಲಿನ ಕಾಲುಭಾಗದವರಿಗೆ ಶೇ 3.8. ಹಿಂದುಳಿದವರಿಗೆ ಹೆಚ್ಚು, ಮುಂದಿರುವವರಿಗೆ ಕಡಿಮೆ, ಯಾರಿಗೂ ನಷ್ಟವಿಲ್ಲ. ಇದು ಒಂದೇ ಕಾಲೇಜಿನ ಲೆಕ್ಕ ಎಂಬುದನ್ನೂ ಆ ತಂದೆಯವರಿಗೆ ಹೇಳುತ್ತೇನೆ. ಅವರು ಅದನ್ನಷ್ಟೇ ನೆನಪಿಟ್ಟುಕೊಂಡು ಹೋಗುತ್ತಾರೆ.

ತಪ್ಪು ಕಲ್ಪನೆ: ಮೇಷ್ಟ್ರಿಗೆ ಇದರಲ್ಲಿ ಆರಾಮ.

ವಾಸ್ತವ: ಒಂದು ಗಂಟೆಯ ಲೆಕ್ಚರನ್ನು ನಾನು ಹಳೆಯ ಸ್ಲೈಡ್ ಇಟ್ಟುಕೊಂಡು ನಿದ್ದೆಗಣ್ಣಲ್ಲೂ ಮಾಡಬಲ್ಲೆ. ಮೇಲೆ ಹೇಳಿದ ರೈತನ ಪ್ರಶ್ನೆಯೊಂದನ್ನು ಬರೆಯಲು ಎರಡು ಸಂಜೆ ಹಿಡಿಯಿತು. ನಾಲ್ಕು ಆಯ್ಕೆಯೂ ಅರ್ಧ ಓದಿದವರಿಗೆ ಸರಿ ಎನಿಸಬೇಕು, ಪೂರ್ತಿ ಓದಿದವರು ಜಗಳವಾಡುವಂತಿರಬೇಕು. ಕೆಲಸ ತರಗತಿಯಿಂದ ತರಗತಿಯ ಹಿಂದಿನ ವಾರಕ್ಕೆ ಸರಿಯುತ್ತದೆ, ಅಷ್ಟೇ. ಬಣ್ಣದ ಚಾಕ್‌ಪೀಸಿನ ನಮ್ಮ ಹಿರಿಯರು ಇಂಥ ಪ್ರಶ್ನೆ ಬರೆಯಲು ಕೂತರೆ ನನಗಿಂತ ಚೆನ್ನಾಗಿ ಬರೆದಾರು. ಅವರಿಗೆ ಗೊತ್ತಿರುವಷ್ಟು ರೋಗಿಗಳ ಕಥೆ ನನಗೆ ಗೊತ್ತಿಲ್ಲ.

ತಪ್ಪು ಕಲ್ಪನೆ: ದುಂಡು ಮೇಜು, ಟ್ಯಾಬ್, ಏಸಿ ಹಾಲ್ ಇದ್ದರೆ ಮಾತ್ರ ಸಾಧ್ಯ.

ವಾಸ್ತವ: ಸಿಂಗಪುರದಲ್ಲಿ ಹಾಗಿದೆ, ನಿಜ. 2007ರಲ್ಲಿ ತೆರೆದ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಶಾಲೆ ಮೊದಲ ದಿನದಿಂದಲೇ ಈ ಪದ್ಧತಿಯನ್ನು 'ಟೀಮ್‌ಲೀಡ್' ಎಂಬ ಹೆಸರಿನಲ್ಲಿ ತನ್ನ ಬೆನ್ನೆಲುಬು ಮಾಡಿಕೊಂಡಿತು. 2013ರಲ್ಲಿ ಶುರುವಾದ ಲೀ ಕಾಂಗ್ ಚಿಯಾನ್ ಶಾಲೆಯೂ ಅದೇ ದಾರಿ ಹಿಡಿಯಿತು. ನಮ್ಮದು ಮೆಟ್ಟಿಲುಮೆಟ್ಟಿಲಾದ ಹಳೆಯ ಗ್ಯಾಲರಿ. ಒಂದು ಬೆಂಚಿನ ಮೂವರು ಹಿಂದಕ್ಕೆ ತಿರುಗಿ ಮೇಲಿನ ಬೆಂಚಿನ ಮೂವರ ಜತೆ ಸೇರಿದರೆ ತಂಡವಾಯಿತು, ಕತ್ತು ನೋಯುತ್ತದೆ ಎಂಬುದೊಂದು ದೂರು. ಕಾರ್ಡನ್ನು ಹೊರದೇಶದಿಂದ ತರಿಸುವ ಬದಲು ಈಗ ಜೆರಾಕ್ಸ್ ಹಾಳೆಯ ಚೌಕಗಳ ಮೇಲೆ ಬೆಲೆಚೀಟಿಯ ಸ್ಟಿಕ್ಕರ್ ಅಂಟಿಸುತ್ತೇವೆ. ಕೆರೆಯುವ ಸದ್ದಿಲ್ಲ, ಕೀಳುವ ಸದ್ದಿದೆ.

ತಪ್ಪು ಕಲ್ಪನೆ: ಪ್ರವೇಶದಲ್ಲೇ ತಂಡದ ಪರೀಕ್ಷೆ ಇಟ್ಟರೆ ಒಳ್ಳೆಯ ಡಾಕ್ಟರುಗಳನ್ನೇ ಆರಿಸಿಕೊಳ್ಳಬಹುದು.

ವಾಸ್ತವ: ಆಸೆ ಒಳ್ಳೆಯದೇ, ಅದರ ಹಿಂದೆ ಗಂಭೀರವಾದ ಕೆಲಸವೂ ನಡೆದಿದೆ. ಒಬ್ಬ ಹಿರಿಯ ವೈದ್ಯ ಅರ್ಧ ಗಂಟೆ ಮಾತಾಡಿಸಿ 'ಹುಡುಗ ಒಳ್ಳೆಯವನು' ಎಂದು ಬರೆಯುವ ಹಳೆಯ ಸಂದರ್ಶನ ನಂಬಲರ್ಹವಲ್ಲ ಎಂದು ಬಹಳ ಹಿಂದೆಯೇ ಗೊತ್ತಾಗಿತ್ತು. ಮೆಕ್‌ಮಾಸ್ಟರಿನ ಕೆವಿನ್ ಈವಾ ಮತ್ತು ಸಹೋದ್ಯೋಗಿಗಳು 2004ರಲ್ಲಿ ಇದಕ್ಕೊಂದು ಬದಲಿಯನ್ನು ಮುಂದಿಟ್ಟರು: ಒಂದೇ ದೀರ್ಘ ಸಂದರ್ಶನದ ಬದಲು ಹತ್ತು ಚಿಕ್ಕ ಸಂದರ್ಶನ, ಹತ್ತು ಬಾಗಿಲು, ಹತ್ತು ಬೇರೆ ಬೇರೆ ಮೌಲ್ಯಮಾಪಕರು. ನಮ್ಮ ಹುಡುಗರಿಗೆ ಪರಿಚಯವಿರುವ, ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ ಮುಗಿಸುವ ಓಸ್ಕಿ ಪರೀಕ್ಷೆಯ ಅಚ್ಚಿನಲ್ಲೇ ತೆಗೆದದ್ದು. ಒಬ್ಬರ ಮೆಚ್ಚುಗೆಯಿಂದಲೋ ಮುನಿಸಿನಿಂದಲೋ ಸೀಟು ನಿರ್ಧಾರವಾಗುವುದು ಇದರಿಂದ ತಪ್ಪಿತು. ವರ್ಜೀನಿಯಾದ ರೋನೋಕ್ ಊರಿನಲ್ಲಿ 2010ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ವರ್ಜೀನಿಯಾ ಟೆಕ್ ಕ್ಯಾರಿಲಿಯನ್ ಶಾಲೆ ಇದನ್ನೇ ಹಿಡಿಯಿತು. ಗಂಟೆ ಹೊಡೆದಾಗ ಬಾಗಿಲ ಮೇಲಿನ ಚೀಟಿ ಓದಲು ಎರಡು ನಿಮಿಷ, ಒಳಗೆ ಮಾತಿಗೆ ಎಂಟು ನಿಮಿಷ, ಹೀಗೆ ಒಂಬತ್ತು ಸಲ. ಅಲ್ಲಿ ಸರಿಯುತ್ತರ ಎಂಬುದಿಲ್ಲ. ಎದುರಿಗಿದ್ದವರು ಒಪ್ಪದೇ ಹೋದಾಗ ಅಭ್ಯರ್ಥಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಬೆಲೆ. ಇಬ್ಬರನ್ನು ಬೆನ್ನಿಗೆ ಬೆನ್ನು ಕೂರಿಸಿ, ಒಬ್ಬರ ಕೈಗೆ ಚಿತ್ರ, ಇನ್ನೊಬ್ಬರ ಕೈಗೆ ಬಿಡಿ ತುಂಡುಗಳನ್ನು ಕೊಟ್ಟು ಬರೀ ಮಾತಿನಲ್ಲೇ ಜೋಡಿಸಿ ಎನ್ನುವ ಕೋಣೆಗಳೂ ಇಂಥ ಸಂದರ್ಶನದಲ್ಲಿ ಇರುತ್ತವೆ. ಇನ್ನೂ ಮುಂದೆ ಹೋಗಿ ಅಭ್ಯರ್ಥಿಗಳನ್ನೇ ಒಂದು ತಂಡಕಲಿಕೆಯ ತರಗತಿಯಲ್ಲಿ ಕೂರಿಸಿ ಮೂಲೆಯಿಂದ ಗಮನಿಸುವ ಯೋಚನೆಯೂ ಇದೆ.

ನನ್ನ ಅನುಮಾನ ಶುರುವಾಗುವುದು ಇಲ್ಲಿ. ನನ್ನ ತರಗತಿಯ ತಂಡಗಳು ಒಂದನ್ನೊಂದು ನಂಬಿ ಜಗಳವಾಡಲು ಆರೇಳು ವಾರ ತೆಗೆದುಕೊಳ್ಳುತ್ತವೆ. ಮೊದಲ ದಿನ ಎಲ್ಲರೂ ಸಂಭಾವಿತರೇ. ಪ್ರವೇಶದ ದಿನ ಮೇಜಿನ ಸುತ್ತ ಕೂತ ಆರು ಜನ ಒಂದೇ ಸೀಟಿಗೆ ಎದುರಾಳಿಗಳು. ಅಲ್ಲಿ ಕಾಣುವ ನಯ ಮದುವೆಗೆ ಹೆಣ್ಣು ನೋಡಲು ಹೋದಾಗಿನ ನಯ. ಅದರ ಮೇಲೆ ಕೋಚಿಂಗ್. ಸೇನೆಯ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ ಬಹಳ ವರ್ಷಗಳಿಂದ ಗುಂಪು ಕೆಲಸ ಇದೆ, ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ತಂಡವಾಗಿ ಅಡ್ಡಿ ದಾಟಿ ಎನ್ನುತ್ತಾರೆ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲೂ ಅದರ ಕೇಂದ್ರವಿದೆ. ಐದು ದಿನ ಅಲ್ಲೇ ಉಳಿಸಿಕೊಂಡು, ತರಬೇತಾದ ಕಣ್ಣುಗಳಿಂದ ನೋಡುತ್ತಾರೆ. ಹಾಗಿದ್ದೂ ಹಲಗೆ ಹಗ್ಗ ಹೇಗೆ ಹಿಡಿಯಬೇಕೆಂದು ಕಲಿಸುವ ಕೋಚಿಂಗ್ ಸೆಂಟರುಗಳಿಗೆ ಬರವಿಲ್ಲ. ಒಂದು ಗಂಟೆಯ ತಂಡ ಪರೀಕ್ಷೆಯನ್ನು ನಮ್ಮ ಕೋಚಿಂಗ್ ಲೋಕ ಒಂದು ವರ್ಷದಲ್ಲಿ ಬಾಯಿಪಾಠ ಮಾಡಿಸೀತು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಹಿಯೂ ಅಂಟಿದೆ. ವೈದ್ಯಕೀಯ ಸೀಟಿಗೆ 'ಸಂದರ್ಶನ' ಎಂದ ಕೂಡಲೇ ಕರ್ನಾಟಕದ ಹಳಬರಿಗೆ ನೆನಪಾಗುವುದು ಡೊನೇಷನ್. ಕ್ಯಾಪಿಟೇಶನ್ ಶುಲ್ಕದ ವಿರುದ್ಧ ನಮ್ಮ ರಾಜ್ಯ 1984ರಲ್ಲೇ ಕಾನೂನು ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದದ್ದೂ ಕರ್ನಾಟಕದಿಂದಲೇ. ಸಿಇಟಿ ಬಂದದ್ದು, ಆಮೇಲೆ ನೀಟ್ ಬಂದದ್ದು ಅದರ ಬೆನ್ನಿಗೇ. 180 ಪ್ರಶ್ನೆ, 720 ಅಂಕದ ನೀಟ್ ಯಾರ ಸ್ವಭಾವವನ್ನೂ ಅಳೆಯುವುದಿಲ್ಲ, ಒಪ್ಪಿದೆ. ಆದರೆ ಅದು ಯಾರ ಅಪ್ಪನ ಹೆಸರನ್ನೂ, ಊರಿನ ಹೆಸರನ್ನೂ, ಇಂಗ್ಲಿಷಿನ ಉಚ್ಚಾರಣೆಯನ್ನೂ ಕೇಳುವುದಿಲ್ಲ. ಆ ಒಂದು ಗುಣವನ್ನು ನಾನು ಹಗುರಾಗಿ ಬಿಟ್ಟುಕೊಡಲಾರೆ.

ಹಾಗೆಂದು ಭಾರತದಲ್ಲಿ ಯಾರೂ ಪ್ರಯತ್ನಿಸಿಯೇ ಇಲ್ಲ ಎನ್ನುವುದೂ ತಪ್ಪು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ತನ್ನದೇ ಪ್ರವೇಶ ಪರೀಕ್ಷೆಯ ಮೇಲೆ ಗುಂಪು ಚಟುವಟಿಕೆಗಳು, ಸಂದರ್ಶನಗಳನ್ನೆಲ್ಲ ಇಟ್ಟು ಬಹುಕಾಲ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತಿತ್ತು, ಹಳ್ಳಿಯ ಮಿಷನ್ ಆಸ್ಪತ್ರೆಗಳಲ್ಲಿ ಕೆಲಸ ಮಾಡಲು ಹೊಂದುವವರು ಬೇಕು ಎಂಬುದು ಅವರ ವಾದ. ನೀಟ್ ಕಡ್ಡಾಯವಾದಾಗ 2017ರಲ್ಲಿ ತನ್ನ ನೂರು ಎಂಬಿಬಿಎಸ್ ಸೀಟುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಖಾಲಿ ಉಳಿಸಿಕೊಂಡಿತು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯ ಎಂದು ತೀರ್ಪು ಕೊಟ್ಟಿತು. ಪುಣೆಯ ಎಎಫ್‌ಎಂಸಿ ಮಾತ್ರ ನೀಟ್ ಅಂಕದ ಜತೆಗೆ ಸಂದರ್ಶನ ಮತ್ತು ಮನೋಪರೀಕ್ಷೆಯನ್ನು ಉಳಿಸಿಕೊಂಡಿದೆ, ಅಲ್ಲಿಂದ ಹೊರಬರುವವರು ಸೇನೆಯ ಅಧಿಕಾರಿಗಳೂ ಆಗಬೇಕಲ್ಲ.

ಪ್ರವೇಶದ ದಿನ ತಂಡಕಲಿಕೆಯನ್ನು ತೋರಿಸುವುದಕ್ಕೆ ನನ್ನ ವಿರೋಧವಿಲ್ಲ, ಅಂಕ ಕೊಡುವುದಕ್ಕೆ ವಿರೋಧ. 'ನಮ್ಮಲ್ಲಿ ಪಾಠ ಹೀಗಿರುತ್ತದೆ, ಓದದೆ ಬಂದರೆ ಆರು ಜನರ ಮುಂದೆ ಗೊತ್ತಾಗುತ್ತದೆ, ಇದು ನಿಮಗೆ ಆಗುತ್ತದೆಯೇ ನೋಡಿ' ಎಂದು ಒಂದು ತರಗತಿ ಮಾಡಿ ತೋರಿಸಿದರೆ ಆಯ್ಕೆ ಮಾಡುವ ಕೆಲಸವನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬಹುದು.

ತಪ್ಪು ಕಲ್ಪನೆ: ಜತೆಗೂಡಿ ಕೆಲಸ ಮಾಡುವುದು ಹುಟ್ಟುಗುಣ, ಕಲಿಸಿದರೆ ಬರುವಂಥದ್ದಲ್ಲ.

ವಾಸ್ತವ: ಆಪರೇಷನ್ ಥಿಯೇಟರಿನ ಒಂದು ಹಾಳೆ ಸಾಕು ಉತ್ತರಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟಿನಲ್ಲಿ, ಚರ್ಮಕ್ಕೆ ಚಾಕು ತಾಗಿಸುವ ಮುಂಚೆ ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು, ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳುವುದು. ಸರ್ಜನ್, ಅನಸ್ತೇಷಿಯಾ ಡಾಕ್ಟರ್, ನರ್ಸ್, ಎಲ್ಲರೂ. ದೆಹಲಿಯ ಒಂದು ಆಸ್ಪತ್ರೆಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಹಾಳೆಯನ್ನು ಬಳಸಿ ನೋಡಿದ ಫಲಿತಾಂಶ 2009ರಲ್ಲಿ ಬಂತು: ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು, ತೊಡಕುಗಳು ಶೇ 11ರಿಂದ 7ಕ್ಕೆ. ಆ ಕೋಣೆಗಳಲ್ಲಿದ್ದವರ ಹುಟ್ಟುಗುಣ ಕೆಲವೇ ತಿಂಗಳಲ್ಲಿ ಬದಲಾಗಿರಲಿಕ್ಕಿಲ್ಲ.

ತಪ್ಪು ಕಲ್ಪನೆ: ನಮ್ಮ ನಿಯಮಗಳಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ವಾಸ್ತವ: 2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಬರೀ ಲೆಕ್ಚರು ಒಟ್ಟು ಅವಧಿಯ ಮೂರನೇ ಒಂದು ಭಾಗ ಮೀರಬಾರದು ಎಂದೇ ಇದೆ. ಓದಿ ಹೊರಬರುವ ವೈದ್ಯರಿಗೆ ಅದು ಹೇಳುವ ಪಾತ್ರಗಳಲ್ಲಿ ಒಂದು, ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ. ಜಾಗ ಇದೆ. ಟೈಮ್‌ಟೇಬಲ್ ಹಾಕುವವರ ಮನಸ್ಸಿನಲ್ಲಿ ಇದೆಯೇ ಎಂಬುದು ಬೇರೆ ಮಾತು.

ತಪ್ಪು ಕಲ್ಪನೆ: ತಂಡದಲ್ಲಿ ಇಂಗ್ಲಿಷ್ ಬಲ್ಲವರದ್ದೇ ಕಾರುಬಾರು, ಕನ್ನಡ ಮಾಧ್ಯಮದಿಂದ ಬಂದವರು ಮೂಲೆಗೆ.

ವಾಸ್ತವ: ನಾನೂ ಹೀಗೇ ಹೆದರಿದ್ದೆ. ಇಡೀ ತರಗತಿಯ ಚರ್ಚೆಯಲ್ಲಿ ಇದು ನಿಜವೂ ಹೌದು. ಆದರೆ ಆರು ಜನರ ನಡುವೆ ಬೇರೆಯೇ ಆಗುತ್ತದೆ. ಮೊದಲ ಐದು ನಿಮಿಷ ಇಂಗ್ಲಿಷು, ಮಾತು ಬಿಸಿಯೇರಿದ ಮೇಲೆ ತಾನಾಗಿ ಕನ್ನಡ. 'ಅಲ್ವೋ, ರಿಸೆಪ್ಟರ್ ಬ್ಲಾಕ್ ಆದ್ಮೇಲೆ ಅದು ಹೆಂಗೆ ಕೆಲ್ಸ ಮಾಡತ್ತೆ?' ಎಂಬ ಮಾತು ಪಠ್ಯಪುಸ್ತಕದ ವಾಕ್ಯವಲ್ಲ, ಅರ್ಥ ಮಾಡಿಕೊಳ್ಳಲು ಹೊರಟವರ ವಾಕ್ಯ. ಕೇರಳದ ಹುಡುಗಿ, ರಾಜಸ್ಥಾನದ ಹುಡುಗ ಇರುವ ತಂಡಗಳಲ್ಲಿ ಇದು ಅಷ್ಟು ಸುಲಭವಲ್ಲ, ಅಲ್ಲಿ ಒಬ್ಬರು ಅನುವಾದಕರಾಗುತ್ತಾರೆ. ವಾರ್ಡಿಗೆ ಹೋದಾಗ ರೋಗಿಯ ಮುಂದೆ ಮಾಡಬೇಕಾದದ್ದೂ ಅದನ್ನೇ, ಅವರಿಗೆ ಅಭ್ಯಾಸವಾಗಲಿ ಎಂದು ಸುಮ್ಮನಿರುತ್ತೇನೆ.

ಇನ್ನೊಂದು ವ್ಯವಸ್ಥೆ ಇದೆ, ಮೇಲ್ಮನವಿ. ಕಾರ್ಡಿನಲ್ಲಿ ತಮ್ಮ ಉತ್ತರ ತಪ್ಪೆಂದು ಬಂದರೂ ಅದೇ ಸರಿ ಎನ್ನುವ ತಂಡ ಪುಸ್ತಕ ತೆರೆದು ಕಾರಣ ಬರೆದು ಕೊಡಬಹುದು. ಪ್ರಶ್ನೆಯ ವಾಕ್ಯವೇ ಗೊಂದಲ ಎಂದರೆ ಅದನ್ನು ತಿದ್ದಿ ಬರೆದು ಕೊಡಬೇಕು. ಬಾಯಲ್ಲಿ ವಾದಿಸುವ ಹಾಗಿಲ್ಲ, ಹಾಗಾಗಿ ಗಂಟಲಿದ್ದವರಿಗೆ ಹೆಚ್ಚಿನ ಬಲವಿಲ್ಲ. ಒಂದು ಸಲ ನಾನು ಹೀಗೊಂದು ಪ್ರಶ್ನೆ ಕೊಟ್ಟಿದ್ದೆ: ಬೀಟಾ ಬ್ಲಾಕರ್ ಯಾರಿಗೆ ಕೊಡಬಾರದು? ಆಸ್ತಮಾ ಇರುವವರಿಗೆ, ಹೃದಯವೈಫಲ್ಯ ಇರುವವರಿಗೆ, ಅರೆತಲೆನೋವಿನವರಿಗೆ, ವಿಪರೀತ ಆತಂಕ ಇರುವವರಿಗೆ? ನನ್ನ ಉತ್ತರ ಆಸ್ತಮಾ. ಹಿಂದಿನ ಬೆಂಚಿನ ಒಂದು ತಂಡದಿಂದ ಚೀಟಿ ಬಂತು, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಹೃದಯವೈಫಲ್ಯ ಹತೋಟಿಯಲ್ಲಿರುವವರಿಗೆ ಈ ಔಷಧ ಒಳ್ಳೆಯದೇ, ಆದರೆ ಎದೆಯಲ್ಲಿ ನೀರು ತುಂಬಿ ಈಗಷ್ಟೇ ಕ್ಯಾಶುಯಲ್ಟಿಗೆ ಬಂದವರಿಗೆ ಶುರುಮಾಡಬಾರದು, ಪ್ರಶ್ನೆಯಲ್ಲಿ ಯಾರೆಂದು ಹೇಳಿಲ್ಲ ಎಂದು. ಕೆಳಗೆ ನನ್ನ ಪ್ರಶ್ನೆಯನ್ನು ಮತ್ತೆ ಬರೆದು 'ಸ್ಟೇಬಲ್' ಎಂಬ ಒಂದು ಪದ ಸೇರಿಸಿದ್ದರು, ಅದಕ್ಕೆ ಎರಡು ಅಡಿಗೆರೆ.

ಅಂಕ ಕೊಟ್ಟೆ. ಕೂಡಲೇ ಮಧ್ಯದ ಸಾಲಿನಿಂದ ಇನ್ನೊಂದು ತಂಡದವರು ಎದ್ದರು. "ಮೇಡಂ, ನಾವೂ ಹಾರ್ಟ್ ಫೇಲ್ಯೂರೇ ಕಿತ್ತಿದ್ದು, ನಮ್ಗೂ ಕೊಡಿ."

"ಚೀಟಿ ಕೊಟ್ರಾ?"

"ಇಲ್ಲ ಮೇಡಂ."

"ಮತ್ತೆ?"

ಬರೆದುಕೊಟ್ಟ ತಂಡಕ್ಕೆ ಮಾತ್ರ ಅಂಕ ಎಂಬುದು ಪದ್ಧತಿಯ ನಿಯಮ, ನಾನು ಮಾಡಿದ್ದಲ್ಲ. ಅವರು ಗೊಣಗುತ್ತಾ ಕೂತರು. ಮುಂದಿನ ಪ್ರಶ್ನೆಗೆ ಮೇಲ್ಮನವಿ ಚೀಟಿ ಮೊದಲು ಬಂದದ್ದು ಅವರಿಂದಲೇ, ಅದರಲ್ಲಿ ಹುರುಳಿರಲಿಲ್ಲ. ನನ್ನ ಪ್ರಶ್ನೆಗಳ ಕಡತದಲ್ಲಿ ಬೀಟಾ ಬ್ಲಾಕರಿನ ಆ ಪ್ರಶ್ನೆ ಈಗ 'ಸ್ಟೇಬಲ್' ಎಂಬ ಪದದ ಜತೆಗೇ ಇದೆ.